ಏಳನೇ ಕೋಣೆಗೆ ಬಂದ ದೊಡ್ಡಮ್ಮ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ "ಅಷ್ಟು ದೊಡ್ಡ ಹೆಂಗಸಾಗಿ ಹಾಗೇಕೆ ಮಾಡಿದೆ" ಎಂದು ನನ್ನನ್ನು ಕೇಳಬಾರದು. ಹಾವು, ಚೇಳು, ಗುಡುಗು, ಪೊಲೀಸಿನವರ ಟೊಪ್ಪಿಗೆ, ಕತ್ತಲಲ್ಲಿ ಗಂಡಸರ ಕೆಮ್ಮು, ಎಲ್ಲಕ್ಕೂ ಹೆದರುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದುದು ಸಿಡುಬಿಗೆ. ಈಗೇನೋ ಸಿಡುಬು ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ, ಆಗ ಆ ಮಾತು ಬಾಯಲ್ಲಿ ಬರುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತಾಳೆ ಎಂಬ ನಂಬಿಕೆ. ಮೈಮೇಲೆ ಸಣ್ಣ ನೀರುಗುಳ್ಳೆ ಎದ್ದರೆ ಚಿಕ್ಕಮ್ಮ ಬಂದಳು ಎನ್ನುತ್ತಿದ್ದೆವು, ಕೀವು ತುಂಬಿದ ದೊಡ್ಡ ಗುಳ್ಳೆ ಎದ್ದರೆ ದೊಡ್ಡಮ್ಮ ಬಂದಳು ಎನ್ನುತ್ತಿದ್ದೆವು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ಮನೆಯವರೆಲ್ಲ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದೆವು.

ನನಗೆ ಐದು ವರ್ಷವಿದ್ದಾಗ ದೊಡ್ಡಮ್ಮ ನಮ್ಮ ಮನೆಗೆ ಬಂದು ನನ್ನ ಅಣ್ಣನನ್ನು ಕರೆದುಕೊಂಡು ಹೋದಳು. ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಅವನ ಮುಖದಲ್ಲಿ ಕಣ್ಣು ಎಲ್ಲಿದೆ ಎಂದು ನನಗೆ ಗೊತ್ತಾಗಲಿಲ್ಲ. ಮರುವರ್ಷ ದೇವಿ ಹಾಕುವವರು, ಎಂದರೆ ಸಿಡುಬು ಬಾರದಂತೆ ತೋಳಿಗೆ ಮದ್ದು ಚುಚ್ಚುವವರು, ಊರಿಗೆ ಬಂದಾಗ ನನ್ನ ಹೆತ್ತವ್ವ ನನ್ನನ್ನು ರಾಗಿ ತುಂಬುವ ಖಾಲಿ ವಾಡೆಯೊಳಕ್ಕೆ ಇಳಿಸಿ ಮೇಲೆ ಮೊರ ಮುಚ್ಚಿದಳು. "ಅವರು ತೋಳಿಗೆ ಚುಚ್ಚೋದೂ ಅವಳನ್ನೇ ಕಣೆ, ಬಾಯಿ ಬಿಡಬೇಡ" ಅಂದಳು. ನಾನು ಬಾಯಿ ಬಿಡಲಿಲ್ಲ. ಓರಗೆಯವರ ತೋಳಿನ ಮೇಲೆಲ್ಲ ಕಾಸಿನಗಲದ ಗುರುತುಗಳಿದ್ದವು, ನನ್ನ ತೋಳು ಮಾತ್ರ ನುಣ್ಣಗೆ ಉಳಿಯಿತು.

ಈ ನುಣ್ಣನೆಯ ತೋಳು ಹೊತ್ತುಕೊಂಡು ನಾನು ನಮ್ಮ ಹತ್ತಿರದ ರೇಷ್ಮೆ ಪೇಟೆಯಾದ ವಿಜಯಪುರಕ್ಕೆ ಬಂದದ್ದು ಯುದ್ಧದ ಕಾಲದಲ್ಲಿ. ನಲ್ಲೂರಿನ ಹುಣಸೆ ತೋಪಿಗೆ ಮೂರು ಹೊಲ ಆಚೆಗಿನ ಹಳ್ಳಿಯವಳು ನಾನು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ತವರಿನಲ್ಲಿ ಅವ್ವ ಹೋದ ಮೇಲೆ ನನಗೆ ಒಲೆಯ ಮುಂದೆ ಜಾಗವಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹೆಂಗಸಿಗೆ ಒಬ್ಬ ರೇಷ್ಮೆ ಸಾಹುಕಾರರ ಸಾಲುಮನೆಯಲ್ಲಿ ಅಡುಗೆ ಮತ್ತು ಮುದುಕರ ಚಾಕರಿಯ ಕೆಲಸ ಸಿಕ್ಕಿತು.

ಸಾಲುಮನೆ ಎಂದರೆ ಒಂದೇ ಹೆಂಚಿನ ಸೂರು, ಒಂದೇ ಉದ್ದನೆಯ ಜಗಲಿ, ಒಂಬತ್ತು ಕೋಣೆ. ಒಂದೊಂದರಲ್ಲೂ ಗೋಡೆಯಲ್ಲಿ ಒಂದು ಗೂಡು, ಒಂದು ಬಚ್ಚಲ ಮೂಲೆ, ಚಾಪೆ ಹಾಸುವಷ್ಟು ನೆಲ. ಸಾಹುಕಾರರ ಬಳಿ ನೂಲು ಬಿಚ್ಚಿ ಬಿಚ್ಚಿ ಬಿಸಿನೀರಿನಲ್ಲಿ ಬೆರಳು ಬೆಂದವರು, ಕಣ್ಣು ಮಂಜಾದವರು, ದಿಕ್ಕಿಲ್ಲದ ಮುದುಕ ಮುದುಕಿಯರು ಅಲ್ಲಿದ್ದರು. ಬಾಡಿಗೆ ಕೇಳುತ್ತಿರಲಿಲ್ಲ. ಕೈ ಆಡುವವರು ಹೊತ್ತಿಗಿಷ್ಟು ರೇಷ್ಮೆಗೂಡು ಆರಿಸಿ ಕೊಡಬೇಕು, ಅಷ್ಟೇ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ ಸಾರು, ಕೋಣೆಗೆ ಎರಡು ಬಿಂದಿಗೆ ನೀರು, ಶನಿವಾರ ತಲೆಗೆ ಎಣ್ಣೆ. ಉಗುರು ಕತ್ತರಿಸುವುದು, ಹೇನು ತೆಗೆಯುವುದು, ಯಾರ ಬಾಗಿಲು ಹೊತ್ತಾದರೂ ತೆರೆಯದಿದ್ದರೆ ತಳ್ಳಿ ನೋಡುವುದು, ಎಲ್ಲ ನನ್ನ ಪಾಲು. ಆ ಕೊನೆಯ ಕೆಲಸ ನನಗೆ ಆಗುತ್ತಿರಲಿಲ್ಲ. ಬಾಗಿಲ ಮುಂದೆ ನಿಂತು ಮೂರು ಸಲ ಕೂಗಿ, ಒಳಗಿಂದ ಒಂದು ಬೈಗುಳ ಕೇಳಿದ ಮೇಲೆ ನನ್ನ ಜೀವ ಬರುತ್ತಿತ್ತು.

ಸಾಹುಕಾರರದು ಒಂದೇ ಕಟ್ಟಳೆ, ಕೋಣೆಗೆ ಒಂದೇ ತಲೆ. ನೆಂಟರನ್ನು ಇಟ್ಟುಕೊಂಡವರು ದಿಕ್ಕಿದ್ದವರು ಎಂದು ಲೆಕ್ಕ, ಗಂಟು ಕಟ್ಟಿಕೊಂಡು ಆ ನೆಂಟರ ಜೊತೆಯಲ್ಲೇ ಹೊರಡಬೇಕು. ಎರಡನೇ ಕೋಣೆಯ ಮುದುಕನೊಬ್ಬ ತಂಗಿಯ ಮಗನನ್ನು ನಾಲ್ಕು ದಿನ ಮಲಗಿಸಿಕೊಂಡು ಜಾಗ ಕಳೆದುಕೊಂಡಿದ್ದ. ಅವನು ಜಗಲಿ ಇಳಿದು ಹೋದದ್ದನ್ನು ನಾವೆಲ್ಲ ನೋಡಿದ್ದೆವು.

ಏಳನೇ ಕೋಣೆಯಲ್ಲಿದ್ದವಳನ್ನು ನಾನು ಅವ್ವ ಎಂದು ಕರೆಯುತ್ತಿದ್ದೆ. ಬೇರೆ ಯಾರನ್ನೂ ಹಾಗೆ ಕರೆಯುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಕಡೆಯವಳು, ಮುಖದ ತುಂಬ ಕುಳಿ, ಬಾಯಿ ಜೋರು. ನಾನು ಬಂದ ಹೊಸದರಲ್ಲಿ ಗುಡುಗಿಗೆ ಹೆದರಿ ಅಡುಗೆಮನೆಯಲ್ಲಿ ಮುದುರಿ ಕೂತಿದ್ದಾಗ ಅವಳೇ ಎದ್ದು ಬಂದು ನನ್ನ ತಲೆಯ ಮೇಲೆ ಸೆರಗು ಹೊದಿಸಿ, "ಹೆದರೋರ ಮೇಲೆ ಕಪ್ಪೆ ಎಸೆದ್ರಂತೆ, ಹಂಗಾಯ್ತು ನಿನ್ನ ಬಾಳು. ಬಾ ಇಲ್ಲಿ" ಎಂದು ಮಗ್ಗುಲಲ್ಲಿ ಕೂರಿಸಿಕೊಂಡಿದ್ದಳು. ಅವತ್ತಿನಿಂದ ಅವ್ವ.

ಆ ವರ್ಷ ಯುಗಾದಿ ಕಳೆದು ಹತ್ತು ದಿನವಾಗಿತ್ತು. ಊರಲ್ಲಿ ಎರಡು ಬೀದಿ ಆಚೆ ಅಮ್ಮ ಬಂದಿದ್ದಾಳೆ ಎಂದು ಸುದ್ದಿ ಹಬ್ಬಿತ್ತು. ಕೆರೆಯಾಚೆ ಬಯಲಲ್ಲಿ ಸೋಗೆಯ ಗುಡಿಸಲು ಹಾಕಿ, ಸುತ್ತ ಮುಳ್ಳುಬೇಲಿ ಕಟ್ಟಿ, ಕಾಯಿಲೆಯವರನ್ನು ಅಲ್ಲಿಗೆ ಸಾಗಿಸುತ್ತಿದ್ದರು. ನಾನು ನೀರಿಗೆ ಹೋಗುವಾಗ ಆ ದಿಕ್ಕಿಗೆ ಮುಖ ಹಾಕುತ್ತಿರಲಿಲ್ಲ. ಸೊಂಟಕ್ಕೆ ಬೇವಿನ ಸೊಪ್ಪು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಮೈಯೆಲ್ಲ ನೋಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಅಂಬಲಿ ಗಡಿಗೆ ಹಿಡಿದು ಏಳನೇ ಕೋಣೆಗೆ ಬಂದರೆ ಬಾಗಿಲು ಹಾಕಿತ್ತು. ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುವವಳು ಅವ್ವ.

"ಅವ್ವಾ, ಅಂಬಲಿ."

"ಅಲ್ಲೇ ಮಡಗವ್ವ. ಒಳಕ್ಕೆ ಬರಬೇಡ."

"ಯಾಕವ್ವ, ಮೈಗೆ ಉಷಾರಿಲ್ವ?"

ಅವ್ವ ಬಾಗಿಲ ಸಂದಿಗೆ ಬಾಯಿಟ್ಟು ಪಿಸುದನಿಯಲ್ಲಿ ಅಂದಳು: "ದೊಡ್ಡಮ್ಮ ಬಂದವ್ಳೆ ಕಣವ್ವ. ಯಾರ್ಗೂ ಹೇಳ್ಬೇಡ. ನಿನ್ನ ದಮ್ಮಯ್ಯ ಅಂತೀನಿ."

ಒಳಗಿಂದ ಯಾರೋ ನರಳಿದ ಸದ್ದು ಬಂತು. ಅವ್ವನೇ ನರಳಿದಳು ಎಂದುಕೊಂಡೆ. ಬಾಗಿಲ ಮೇಲೆ ನೋಡಿದರೆ ಬೇವಿನ ಸೊಪ್ಪು. ಹಬ್ಬದ ತೋರಣದ್ದು ಅದು, ಒಣಗಿ ಹೋಗಿತ್ತು, ಒಂಬತ್ತು ಬಾಗಿಲಿಗೂ ನಾನೇ ಕಟ್ಟಿದ್ದೆ. ಆದರೆ ಆ ಗಳಿಗೆಯಲ್ಲಿ ನನಗೆ ಅದೊಂದೇ ಬಾಗಿಲಿನ ಬೇವು ಕಂಡಿತು. ಅಯ್ಯೋ ದೇವರೇ! ಗಡಿಗೆಯನ್ನು ಅಲ್ಲೇ ಕುಕ್ಕಿ ಅಡುಗೆಮನೆಗೆ ಓಡಿ ಚಿಲಕ ಹಾಕಿಕೊಂಡೆ. ಹಿಂದಿನ ದಿನ ತಾನೇ ಅವಳ ತಲೆ ಬಾಚಿದ್ದೆ. ಅದೇ ಕೈಯಲ್ಲಿ ರಾಗಿ ತೊಳಸಿದ್ದೆ. ಕಣ್ಣು ಮುಚ್ಚಿದರೆ ಬಾಳೆ ಎಲೆಯ ಮೇಲಿನ ಅಣ್ಣನ ಮುಖ. ತೋಳು ಸವರಿಕೊಂಡೆ, ನುಣ್ಣಗೆ.

ಹೇಳಬೇಡ ಅಂದಿದ್ದಳು. ಹೇಳದೆ ಹೇಗಿರಲಿ? ಇನ್ನೂ ಎಂಟು ಜನ ಮುದುಕರಿದ್ದಾರೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳುತ್ತೇನೆ, ಆ ಎಂಟು ಜನರ ಯೋಚನೆ ನನಗಿರಲಿಲ್ಲ. ನನ್ನ ಮೈಯದೇ ಯೋಚನೆ. ಗೂಡು ತಂದುಹಾಕಲು ಬಂದ ಸಾಹುಕಾರರ ಗುಮಾಸ್ತರಿಗೆ ಅಡುಗೆಮನೆಯ ಕಿಟಕಿಯಿಂದಲೇ ಹೇಳಿದೆ: "ಏಳನೇ ಕೋಣೇಲಿ ದೊಡ್ಡಮ್ಮ ಬಂದವ್ಳೆ ಸ್ವಾಮಿ." ಅವರು ಗೂಡಿನ ಕುಕ್ಕೆಯನ್ನು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಬಂದ ದಾರಿಯಲ್ಲೇ ಓಡಿದರು. ಪುಕ್ಕಲಿ ನಾನೊಬ್ಬಳೇ ಅಲ್ಲ.

ಬಿಸಿಲೇರುವ ಹೊತ್ತಿಗೆ ಗುಡಿಸಲ ಕಡೆಯ ಎತ್ತಿನ ಗಾಡಿ ಬಂತು. ಇಬ್ಬರು ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಳಿದರು. ಅಷ್ಟನ್ನು ಕಿಟಕಿಯಿಂದ ನೋಡಿದೆ, ಆಮೇಲೆ ನೋಡಲಿಲ್ಲ. ಒಲೆಯ ಪಕ್ಕ ಕೂತು ಕಿವಿ ಮುಚ್ಚಿಕೊಂಡೆ. ಎಷ್ಟು ಒತ್ತಿ ಮುಚ್ಚಿದರೂ ಅವ್ವನ ದನಿ ಕೇಳುತ್ತಿತ್ತು.

"ಅಮ್ಮ ಅಲ್ಲ ಕಣ್ರಪ್ಪ! ಅಮ್ಮ ಅಲ್ಲ! ತಿಗಣೆ ಕಚ್ಚಿರೋದು!"

"ಎಲ್ಲಾರೂ ಹಂಗೇ ಅಂತಾರೆ, ಹತ್ತಮ್ಮ" ಅಂದ ಒಬ್ಬ.

ಗಾಡಿ ಹೋದ ಮೇಲೂ ಬಹಳ ಹೊತ್ತು ನಾನು ಏಳಲಿಲ್ಲ. ಕೊನೆಗೆ ಆರನೇ ಕೋಣೆಯ ತಾತ ಗೋಡೆ ಹಿಡಿದುಕೊಂಡು ಬಂದು ಬಾಗಿಲಿಗೆ ಕೋಲಿನಿಂದ ಬಡಿದ. ಅವನಿಗೆ ಮಂಡಿ ಹೋಗಿತ್ತು, ಕಿವಿ ಮಾತ್ರ ಹಾವಿನದು.

"ಇಬ್ಬರನ್ನೂ ಹೇರ್ಕೊಂಡು ಹೋದ್ರಲ್ಲೇ. ಯಾವ ಮುಂಡೇದು ಹೇಳ್ತು ಅವರ್ಗೆ?"

"ಇಬ್ಬರು ಯಾರು ತಾತ?"

"ಇನ್ಯಾರು, ನಿಮ್ಮವ್ವ, ಅವಳ ಅಕ್ಕ. ನಿನ್ನೆ ಹೊತ್ತು ಮುಳುಗ್ದಾಗ ಬಂದ್ಲಲ್ಲ ಆ ಮುದುಕಿ, ದೊಡ್ಡಬಳ್ಳಾಪುರದ ಹತ್ರ ಮಧುರೆ ಕಡೆಯಿಂದ ನಡ್ಕೊಂಡು. ಕಣ್ಣು ಕಾಣಕಿಲ್ಲ, ಪಾಪ. ಅಲ್ಲಿ ಗಂಜಿ ಹಾಕೋರು ಯಾರೂ ಇಲ್ವಂತೆ. ನಡೆದೂ ನಡೆದೂ ಕಾಲು ಊದ್ಕೊಂಡು ರಾತ್ರಿಯೆಲ್ಲ ನರಳ್ತಿದ್ಲು."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಅವ್ವ ನಂಗೆ ದೊಡ್ಡಮ್ಮ ಬಂದವ್ಳೆ ಅಂದ್ಲು ತಾತ."

ತಾತ ನನ್ನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಇನ್ನೇನನ್ಬೇಕಿತ್ತೇ? ನೀನು ಅವಳ್ನ ಅವ್ವ ಅಂತೀಯ. ಅವ್ವನ ಅಕ್ಕ ನಿಂಗೆ ಏನಾಗ್ಬೇಕು?"

ನಮ್ಮ ಹಟ್ಟಿಯಲ್ಲಿ ಅವ್ವನ ಅಕ್ಕನಿಗೆ ದೊಡ್ಡವ್ವ ಎನ್ನುತ್ತೇವೆ. ದೊಡ್ಡಮ್ಮ ಎಂದರೆ ನಮಗೆ ಅವಳೊಬ್ಬಳೇ, ಹೆಸರೆತ್ತಬಾರದವಳು. ಅವ್ವನ ಕಡೆಯವರಿಗೆ ಸಿಡುಬು ಬರೀ ಅಮ್ಮ, ದೊಡ್ಡಮ್ಮ ಎಂದರೆ ತಾಯಿಯ ಅಕ್ಕ. ಮಗಳಿಗೆ ಹೇಳುವ ಹಾಗೆ ಹೇಳಿದ್ದಳು ಅವ್ವ. ನಿನ್ನ ದೊಡ್ಡಮ್ಮ ಬಂದಿದ್ದಾಳೆ, ಸಾಹುಕಾರರಿಗೆ ತಿಳಿದರೆ ಇಬ್ಬರೂ ಬೀದಿಗೆ, ಯಾರಿಗೂ ಹೇಳಬೇಡ ಎಂದು. ಅಷ್ಟು ಜನರಲ್ಲಿ ನನ್ನೊಬ್ಬಳನ್ನು ನಂಬಿ ಹೇಳಿದ್ದಳು.

"ಮುಖದ ತುಂಬ ಕುಳಿ ಇರೋಳಿಗೆ ಅಮ್ಮ ಎರಡ್ನೇ ಸಲ ಬರ್ತಾಳೇನೇ, ಹುಚ್ಚಿ?" ಅಂದ ತಾತ. ಥೂ ನನ್ನ ಬುದ್ಧಿಗಿಷ್ಟು! ಶನಿವಾರ ಶನಿವಾರ ನಾನೇ ಎಣ್ಣೆ ಸವರಿದ ಮುಖ ಅದು.

ಅಲ್ಲಿಂದ ಶುರುವಾದ ಹೆದರಿಕೆ ಮೊದಲಿನದಕ್ಕಿಂತ ಕೆಟ್ಟದ್ದು. ಗುಡಿಸಲಲ್ಲಿ ನಿಜವಾದ ಕಾಯಿಲೆಯವರು ನಾಲ್ಕು ಜನ ಬಿದ್ದಿದ್ದರು. ಅವ್ವನಿಗೆ ಬರುವುದಿಲ್ಲ, ಸರಿ. ಆ ಕುರುಡಿ ಅಕ್ಕನಿಗೆ? ಓಡಿಹೋಗಿ ಇದು ಸಿಡುಬಲ್ಲ ಎಂದು ಹೇಳಬೇಕು. ಹೇಳಿದರೆ ಆ ಎರಡನೆಯವಳು ಯಾರು ಎಂದು ಕೇಳುತ್ತಾರೆ. ಗಾಡಿಯವರಿಗೆ ಕೋಣೆಗೆಷ್ಟು ತಲೆ ಎಂದು ಗೊತ್ತಿರಲಿಲ್ಲ, ಸಾಹುಕಾರರಿಗೆ ಗೊತ್ತು. ಅಕ್ಕ ಎಂದ ಕೂಡಲೇ ಅವ್ವನ ಕೋಣೆ ಹೋಯಿತು. ಊರಿಗೆಲ್ಲ ಸುಳ್ಳು ಸುದ್ದಿ ಎಬ್ಬಿಸಿದ ಅಡುಗೆಯವಳ ಕೆಲಸವೂ ಹೋಯಿತು. ಅತ್ತ ದರಿ, ಇತ್ತ ಪುಲಿ. ಒಲೆಗೆ ಸೌದೆ ತುರುಕುತ್ತಾ, ಮುದ್ದೆ ತಿರುವುತ್ತಾ, ನಾಳೆ ಹೇಳೋಣ ಎಂದು ಒಂದು ದಿನ ಕಳೆದೆ. ಇನ್ನೊಂದು ದಿನವನ್ನೂ ಕಳೆದೆ. ಮೂರನೇ ಬೆಳಿಗ್ಗೆ ತಾತ ಕೋಲು ಹಿಡಿದು ಜಗಲಿ ಇಳಿದ. "ನೀ ಹೋಗ್ದಿದ್ರೆ ನಾನೇ ಹೋಯ್ತೀನಿ" ಅಂದ. ನಾಲ್ಕನೇ ಕೋಣೆಯ ಕಂಬದವರೆಗೆ ಹೋಗಿ ಕುಸಿದು ಕೂತ. ಅವನನ್ನು ಎಬ್ಬಿಸಿ ಕೂರಿಸಿ, ಸೆರಗು ಹೊದ್ದು ನಾನೇ ಹೊರಟೆ.

ಸಾಹುಕಾರರು ಗೂಡಿನ ರಾಶಿಯ ಮುಂದೆ ಕೂತು ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ನಾನು ದೂರದಲ್ಲೇ ನಿಂತು ಎಲ್ಲ ಹೇಳಿದೆ.

"ಎಷ್ಟು ದಿನದಿಂದ ಇದ್ಲು ಆಕೆ?"

"ಒಂದೇ ರಾತ್ರಿ, ಬುದ್ಧಿ."

ಅವರು ಕೈಯಲ್ಲಿದ್ದ ಗೂಡು ಕೆಳಗಿಟ್ಟರು. ಬೈಯುತ್ತಾರೆ, ಹೊಡೆಸುತ್ತಾರೆ ಎಂದುಕೊಂಡಿದ್ದೆ. "ಸಿಡುಬಿಲ್ಲದೋರನ್ನ ಸಿಡುಬಿನೋರ ಮಧ್ಯೆ ಹಾಕಿಸಿ ಮೂರು ದಿನ ಸುಮ್ನಿದ್ಯಾ?" ಎಂದು ಮಾತ್ರ ಕೇಳಿದರು. ಕೋಣೆಯ ಮಾತು ಎತ್ತಲಿಲ್ಲ. ಮೆಟ್ಟು ಮೆಟ್ಟಿಕೊಂಡು ತಾವೇ ಕೆರೆಯ ಏರಿಯ ಕಡೆ ಹೊರಟರು. ನಾನು ಹತ್ತು ಮಾರು ಹಿಂದೆ ಹಿಂಬಾಲಿಸಿದೆ.

ಅಂದು ಡಾಕ್ಟರು ಗುಡಿಸಲಿಗೆ ಬರುವ ದಿನ. ಬೇಲಿಯ ಬಾಯಲ್ಲೇ ನಿಂತು ಸಾಹುಕಾರರ ಮಾತೆಲ್ಲ ಕೇಳಿ ಡಾಕ್ಟರು ತಲೆಯಾಡಿಸಿದರು. ಮೊದಲ ದಿನವೇ ಹೇಳಿದ್ದರೆ ಅವತ್ತೇ ಕಳಿಸಿಬಿಡುತ್ತಿದ್ದೆ, ಈಗ ಮೂರು ದಿನ ಅದೇ ಗಾಳಿ ಕುಡಿದಿದ್ದಾರೆ, ಎರಡು ವಾರ ಕಳೆಯದೆ ಆಚೆ ಬಿಡುವ ಹಾಗಿಲ್ಲ ಅಂದರು. ಇಬ್ಬರಿಗೂ ಪಕ್ಕದಲ್ಲಿ ಬೇರೆ ಚಪ್ಪರ ಹಾಕಿಸಿದರು. ಅಕ್ಕನಿಗೆ ದೇವಿ ಹಾಕಿದರು. "ಹಾಕಿದ್ದೇನೋ ಹಾಕಿದೆ, ತಡವಾಗಿದೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಹಾಕಿದೆಯಾ?" ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ತೋಳು ಹಿಡಿದು ನೋಡಿ, ಮುಳ್ಳಿನ ಬಿಲ್ಲೆಯಂಥದ್ದನ್ನು ಒತ್ತಿ ಗಿರ್ರನೆ ತಿರುಗಿಸಿಬಿಟ್ಟರು. ಅಷ್ಟು ವರ್ಷ ಹೆದರಿದ್ದ ಆ ನೋವು ಇರುವೆ ಕಚ್ಚಿದಷ್ಟೂ ಇರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಮುದ್ದೆ ಸಾರು ಹೊತ್ತು ಬೇಲಿಯ ಹತ್ತಿರ ಹೋಗುತ್ತಿದ್ದೆ. ಏರಿ ದಾಟುವಾಗ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಬೇಲಿಯ ಸಂದಿಯಲ್ಲಿ ಮಡಕೆ ಇಟ್ಟು ದೂರ ಸರಿದು ಕೂಗಿದರೆ ಅವ್ವ ಬಂದು ಎತ್ತಿಕೊಳ್ಳುತ್ತಿದ್ದಳು. ಸಾಹುಕಾರರು ಬಂದು ಹೋದದ್ದನ್ನು ಕಂಡಿದ್ದಳು, ನಾನೇ ಅವರನ್ನು ಕರೆತಂದೆ ಎಂದು ತಿಳಿದಿದ್ದಳು. ಅದಕ್ಕೆ ನನ್ನನ್ನು ಹರಸುತ್ತಿದ್ದಳು!

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ. ನಾಳೆ ಸಾರು ಸಪ್ಪಗಿರ್ಲಿ, ನಿಮ್ಮ ದೊಡ್ಡಮ್ಮಂಗೆ ಖಾರ ಆಗಕಿಲ್ಲ."

ಒಂದೊಂದು ದಿನ ಆ ಅಕ್ಕನೂ ಅವ್ವನ ಭುಜ ಹಿಡಿದು ಬರುತ್ತಿದ್ದಳು. ಸಣ್ಣಗೆ, ಒಣಗಿದ ಹುಣಸೆಕಾಯಿಯಂತಿದ್ದಳು. ನಾನಿದ್ದ ಕಡೆಗಲ್ಲದೆ ಬೇರೆಲ್ಲೋ ಮುಖ ಮಾಡಿ, "ಮಗಾ, ಉಂಡ್ಯಾ?" ಎಂದು ಕೇಳುತ್ತಿದ್ದಳು. ನಾನು ಆ ಮುಖದಲ್ಲಿ ಗುಳ್ಳೆ ಹುಡುಕುತ್ತಿದ್ದೆ. ಇಲ್ಲ ಎಂದು ಕಂಡರೆ ಮನೆಗೆ ಬಂದ ಮೇಲೆ ನನಗೆ ಅನ್ನ ಇಳಿಯುತ್ತಿತ್ತು. ಒಂಬತ್ತು ದಿನ, ಹತ್ತು ದಿನ ಎಂದು ಬೆರಳು ಮಡಿಸುತ್ತಿದ್ದೆ. ಎರಡು ವಾರ ತುಂಬಲಿ ತಾಯಿ, ನಿನಗೆ ಮೊಸರನ್ನದ ತಳಿಗೆ ಇಡುತ್ತೇನೆ ಎಂದು ಅದೇ ದೊಡ್ಡಮ್ಮನಿಗೆ ಹರಕೆ ಹೊತ್ತೆ.

ಹನ್ನೆರಡನೇ ದಿನ ಅವ್ವ ಒಬ್ಬಳೇ ಬಂದಳು. ಅಕ್ಕನಿಗೆ ಸೊಂಟ ಹಿಡಿದು ಜ್ವರ ಬಂದಿದೆ, ಬಿಸಿಲಿನದೇ ಇರಬೇಕು ಅಂದಳು. ನಾನೂ "ಬಿಸಿಲಿಂದೇ ಕಣವ್ವ" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರು ದಿನಕ್ಕೆ ಗುಳ್ಳೆ ಎದ್ದವು. ಮತ್ತೆ ಎಂಟು ದಿನ ಆ ಮುದುಕಿ ಜೀವ ಹಿಡಿದಿದ್ದಳು. ಚಪ್ಪರದ ಹಿಂದೆಯೇ ಸುಣ್ಣ ಹಾಕಿ ಮಣ್ಣು ಮಾಡಿದರು. ಅವ್ವ ಅಳುವುದು ಬೇಲಿಯ ಇತ್ತ ಕಡೆಗೆ ಕೇಳುತ್ತಿತ್ತು. ನನಗೆ ಬಾಗಿಲು ಹಾಕಿ ಕೂರಲು ಅಲ್ಲಿ ಅಡುಗೆಮನೆ ಇರಲಿಲ್ಲ.

ಅವ್ವ ಸಾಲುಮನೆಗೆ ವಾಪಸ್ಸು ಬಂದಳು. ಕೋಣೆ ಅವಳಿಗೇ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ನಾನು ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಹೊಸ ಚಾಪೆ ಹಾಸಿದ್ದೆ. ಅವಳು ಏನೂ ಅನ್ನದೆ ಗೋಡೆಗೆ ಮುಖ ಮಾಡಿ ಮಲಗಿದಳು. ಗುಮಾಸ್ತರು, ತಾತ, ಸಾಲಿನವರೆಲ್ಲ ವಿಷಯ ಬಲ್ಲವರೇ. ಯಾರೂ ಅವಳಿಗೆ ಹೇಳಲಿಲ್ಲ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ದಿನವೂ ಕಾಯುತ್ತಿದ್ದೆ. ನಾನೇ ಹೇಳಿ ಕಾಲಿಗೆ ಬೀಳಬೇಕು ಎಂದು ದಿನಾ ತಟ್ಟೆ ಹಿಡಿದು ಹೋಗುತ್ತಿದ್ದೆ, ಬಡಿಸಿ ಬಂದುಬಿಡುತ್ತಿದ್ದೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮುದ್ದೆ ಇಟ್ಟು ಏಳುತ್ತಿದ್ದವಳ ಮಣಿಕಟ್ಟು ಹಿಡಿದಳು.

"ಕೂತ್ಕೋ. ಒಂದು ಮಾತು ಕೇಳ್ತೀನಿ. ಗಾಡಿಯೋರ್ಗೆ ಹೇಳಿದ್ದು ಯಾರವ್ವ?"

ಈಗ ಹೇಳು ಎಂದು ನನ್ನ ಒಳಗೆ ಯಾರೋ ಕೂಗಿದರು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಗುಮಾಸ್ತರು ಇರ್ಬೇಕು ಕಣವ್ವ. ಗೂಡು ಹಾಕೋಕ್ಕೆ ಬಂದಿದ್ರು."

ಅವಳು ನನ್ನ ಕೈ ಬಿಡಲಿಲ್ಲ. ಮುದ್ದೆಯಿಂದ ಹಬೆ ಏಳುತ್ತಿತ್ತು. ನನ್ನನ್ನೇ ನೋಡುತ್ತಾ ಮೆಲ್ಲಗೆ, ಸಿಟ್ಟಿಲ್ಲದ ದನಿಯಲ್ಲಿ ಅಂದಳು:

"ಅವರ್ಗೆ ಹೆಂಗೆ ಗೊತ್ತಾಯ್ತೋ. ನಾನು ಹೇಳಿದ್ದು ನಿಂಗೊಬ್ಬಳ್ಗೇ."

ಅವಳು ಇನ್ನಷ್ಟು ಹೊತ್ತು ಕಾದಳು. ನಾನು ಹೇಳಲಿ ಎಂದೇ ಕಾದಳು, ಅದು ನನಗೆ ಆಗಲೂ ಗೊತ್ತಿತ್ತು. ಆಮೇಲೆ ಮಣಿಕಟ್ಟು ಬಿಟ್ಟು ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಅಂಬಲಿ ತೆಗೆದುಕೊಂಡು ಹೋದಾಗ ಅವಳು ಚಾಪೆಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ಪರವೂರಿನಿಂದ ಬಂದ ಹೆಂಗಸರಿಗೆ ಹೇಳುವಂತೆ, "ಬನ್ನಿ" ಅಂದಳು. ಲೋಟ ತುಂಬುತ್ತಿದ್ದ ಹಾಗೆ "ಸಾಕು ಬಿಡಿ, ನಿಮಗೆ ತೊಂದರೆ" ಅಂದಳು. ಆಮೇಲೆ ಆರು ವರ್ಷ ಬದುಕಿದ್ದಳು. ಅವಳ ತಲೆ ಬಾಚಿದ್ದು ನಾನು, ಉಗುರು ತೆಗೆದದ್ದು ನಾನು, ಕೊನೆಯಲ್ಲಿ ಬಾಯಿಗೆ ನೀರು ಬಿಟ್ಟದ್ದೂ ನಾನೇ. ಆ ಆರು ವರ್ಷದಲ್ಲಿ ಒಂದು ದಿನವೂ ಅವಳು ನನ್ನನ್ನು ನೀನು ಅನ್ನಲಿಲ್ಲ.